2147483647 ಅವಿಭಾಜ್ಯವೆಂದು ಕೈಲೆಕ್ಕದಲ್ಲಿ ತೋರಿಸಲು ಸಾಧ್ಯವೇ?

ಮಂಡಗದ್ದೆ_ಹಕ್ಕಿ · ಶನಿವಾರ, ಸಂಜೆ 6.40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ದಿನಗಳಿಂದ ಒಂದೇ ಸಂಖ್ಯೆಯ ಮಾತು ನಡೆದಿದೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಮೊಬೈಲಿನ ಯಾವುದೋ ಆಟದಲ್ಲಿ ನಾಣ್ಯಗಳನ್ನು ಕೂಡಿಹಾಕುತ್ತ ಹೋಗಿದ್ದಳು. ಅವಳ ಗಂಟು 2147483647ಕ್ಕೆ ಬಂದು ನಿಂತುಬಿಟ್ಟಿತು, ಅಲ್ಲಿಂದ ಒಂದು ನಾಣ್ಯವೂ ಏರಲಿಲ್ಲ. ಶಾಲೆಯಲ್ಲಿ ಕೇಳಿದಾಗ, ಅದು 2³¹ − 1 ಎಂಬ ಸಂಖ್ಯೆ, ಅವಿಭಾಜ್ಯ ಸಂಖ್ಯೆ ಎಂದು ಹೇಳಿ ಕಳುಹಿಸಿದ್ದಾರೆ. ಮನೆಗೆ ಬಂದವಳು, "ಅಷ್ಟು ದೊಡ್ಡದನ್ನು ಯಾರು ಭಾಗಿಸಿ ನೋಡಿದ್ದು?" ಎಂದು ನನ್ನನ್ನು ಹಿಡಿದುಕೊಂಡಿದ್ದಾಳೆ.

ಇಲ್ಲಿ ಗುರುವಾರದಿಂದ ಕರೆಂಟಿಲ್ಲ, ಮಳೆ ಬಿಟ್ಟಿಲ್ಲ. ಕಾಗದ, ಪೆನ್ಸಿಲು ಮತ್ತು ಪುರುಸೊತ್ತು ಮೂರೂ ಇರುವುದರಿಂದ ಇಬ್ಬರೂ ಕುಳಿತು 3ರಿಂದ ಆರಂಭಿಸಿ 97ರವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿದೆವು. ಯಾವುದರಿಂದಲೂ ಸರಿಯಾಗಿ ಭಾಗವಾಗಲಿಲ್ಲ. ಇದನ್ನು ಎಲ್ಲಿಯವರೆಗೆ ಮಾಡಬೇಕು, ಕಂಪ್ಯೂಟರ್ ಇಲ್ಲದೆ ಇದನ್ನು ಮುಗಿಸಿದವರು ಯಾರಾದರೂ ಇದ್ದಾರೆಯೇ ಎಂಬುದು ನನ್ನ ಪ್ರಶ್ನೆ.

ಗೊರಬಲು · 6.52

ಶರಾವತಿಯ ನೀರಿನಿಂದ ಊರೂರಿಗೆ ಬೆಳಕು ಕೊಟ್ಟು, ತಾವು ಚಿಮಣಿ ದೀಪದಲ್ಲಿ ಭಾಗಾಕಾರ ಮಾಡುವವರು ಮಲೆನಾಡಿನವರಷ್ಟೇ ಇರಬೇಕು.

ಹೊಸನಗರ_ಅಂಚೆ · 7.05

ಇಷ್ಟೆಲ್ಲ ಕಷ್ಟ ಏಕೆ? 31 ಅವಿಭಾಜ್ಯ ಸಂಖ್ಯೆ. ಘಾತಾಂಕ ಅವಿಭಾಜ್ಯವಾಗಿದ್ದರೆ 2ರ ಆ ಘಾತದಿಂದ 1 ಕಳೆದು ಬರುವುದೂ ಅವಿಭಾಜ್ಯವೇ. 2² − 1 = 3, 2³ − 1 = 7, 2⁵ − 1 = 31, 2⁷ − 1 = 127. ಮಗಳಿಗೆ ಇಷ್ಟು ಹೇಳಿ ಮಲಗಿಸಿ.

ಶಂಕರಘಟ್ಟ_ಎಂಎಸ್ಸಿ · 7.09

ಇನ್ನೊಂದೇ ಹೆಜ್ಜೆ ಮುಂದೆ ಹೋಗಿದ್ದರೆ ನೀವು ಈ ಮಾತು ಬರೆಯುತ್ತಿರಲಿಲ್ಲ. 2¹¹ − 1 = 2047, ಅದು 23 × 89. ಘಾತಾಂಕ ಅವಿಭಾಜ್ಯವಾಗಿರಲೇಬೇಕು ಎಂಬುದು ನಿಜ, ಆದರೆ ಅಷ್ಟರಿಂದಲೇ ಕೆಲಸ ಮುಗಿಯುವುದಿಲ್ಲ.

ಹೊಸನಗರ_ಅಂಚೆ · 7.15

2047ರ ವಿಷಯದಲ್ಲಿ ತಪ್ಪು ಒಪ್ಪಿದೆ. ಆದರೂ ಇಂಥ ಸಂಖ್ಯೆಗಳು ಅವಿಭಾಜ್ಯವಾಗುವ ಸಾಧ್ಯತೆಯೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ.

ಕೋಡ್_ವಿನೋಬನಗರ · 7.31

ಆಟ ಏಕೆ ನಿಂತಿತು ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ. ಒಂದು ಪೂರ್ಣಾಂಕಕ್ಕೆ 32 ಬಿಟ್‌ಗಳ ಜಾಗ ಕೊಟ್ಟರೆ ಅದರಲ್ಲಿ ಒಂದು ಬಿಟ್ ಧನ, ಋಣ ಚಿಹ್ನೆಗೆ ಹೋಗುತ್ತದೆ. ಉಳಿದ 31 ಜಾಗಗಳಲ್ಲೂ 1 ತುಂಬಿದರೆ ದೊರೆಯುವ ಅತಿ ದೊಡ್ಡ ಸಂಖ್ಯೆಯೇ 2147483647. ಅದಕ್ಕೆ ಒಂದನ್ನು ಕೂಡಿಸಿದರೆ ಅನೇಕ ಯಂತ್ರಗಳಲ್ಲಿ ಲೆಕ್ಕ ಮಗುಚಿ −2147483648 ಆಗಿಬಿಡುತ್ತದೆ. ಮಗಳ ಸಂಪತ್ತು ಸಾಲವಾಗದಿರಲಿ ಎಂದು ಆಟ ಬರೆದವರು ಅಲ್ಲಿಗೇ ತಡೆ ಹಾಕಿದ್ದಾರೆ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಹೀಗೆಯೇ ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳಿಗೆ 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ, ಇದೇ ಗತಿ ಒದಗುತ್ತದೆ.

ಈ ಮಿತಿ ಅವಿಭಾಜ್ಯವಾಗಿರುವುದು ಶುದ್ಧ ಕಾಕತಾಳೀಯ. 16 ಬಿಟ್‌ಗಳ ಮಿತಿ 32767, ಅದು 7 × 31 × 151. 64 ಬಿಟ್‌ಗಳ ಮಿತಿ 2⁶³ − 1, ಅದು 7ರಿಂದ ಭಾಗವಾಗುತ್ತದೆ.

ಇನ್ನು ಎಲ್ಲಿಯವರೆಗೆ ಭಾಗಿಸಬೇಕು ಎಂಬುದಕ್ಕೆ ಉತ್ತರ 46340. ಒಂದು ಸಂಖ್ಯೆ ಎರಡರ ಗುಣಲಬ್ಧವಾಗಿದ್ದರೆ ಅವುಗಳಲ್ಲಿ ಚಿಕ್ಕದು ಅದರ ವರ್ಗಮೂಲವನ್ನು ಮೀರುವಂತಿಲ್ಲ. 46340ರ ವರ್ಗ 2147395600, ನಮ್ಮ ಸಂಖ್ಯೆಗಿಂತ ಚಿಕ್ಕದು. 46341ರ ವರ್ಗ 2147488281, ದೊಡ್ಡದು. ಕಂಪ್ಯೂಟರಿಗೆ ಇದು ಕಣ್ಣು ಮಿಟುಕಿಸುವಷ್ಟರ ಕೆಲಸ. ಕೈಯಿಂದ ಮಾಡುವುದಾದರೆ 46340ರೊಳಗಿನ ಅವಿಭಾಜ್ಯ ಸಂಖ್ಯೆಗಳೇ 4792 ಇವೆ, ಈ ಮಳೆಗಾಲ ಸಾಲುವುದಿಲ್ಲ.

ಆಗುಂಬೆ_ಮಳೆಲೆಕ್ಕ · 7.44

ಮಳೆಗಾಲ ಸಾಲುವುದಿಲ್ಲ ಎಂಬ ಮಾತನ್ನು ಆಗುಂಬೆಯವರ ಮುಂದೆ ಆಡಬೇಡಿ.

ನಿವೃತ್ತ_ಮೇಷ್ಟ್ರು_ಸಾಗರ · 8.30

ಮಗುವಿನ ಪ್ರಶ್ನೆ ಬಹಳ ಒಳ್ಳೆಯದು. "ಯಾರು ಭಾಗಿಸಿ ನೋಡಿದ್ದು?" ಎಂಬುದಕ್ಕೆ ಹೆಸರು ಹಿಡಿದು ಉತ್ತರ ಹೇಳಬಹುದು. ಭಾಗಿಸಿ ನೋಡಿದವನು ಲಿಯೊನಾರ್ಡ್ ಆಯ್ಲರ್. ಬರ್ನೂಲಿಗೆ ಅವನು ಬರೆದ, 1772ರಲ್ಲಿ ಪ್ರಕಟವಾದ ಪತ್ರದಲ್ಲಿ ಈ ಫಲಿತಾಂಶವಿದೆ. ಆ ಹೊತ್ತಿಗೆ ಅವನು ಪೀಟರ್ಸ್‌ಬರ್ಗಿನಲ್ಲಿದ್ದ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು. ಆದರೆ ಅವನು 4792 ಸಲ ಭಾಗಿಸಲಿಲ್ಲ. ಯಾವ ಸಂಖ್ಯೆಗಳಿಂದ ಭಾಗಿಸುವ ಅಗತ್ಯವೇ ಇಲ್ಲ ಎಂಬುದನ್ನು ಮೊದಲು ಕಂಡುಕೊಂಡ. ಅದನ್ನು ಇಲ್ಲಿ ಬಿಡಿಸಿ ಹೇಳಲು ಪ್ರಯತ್ನಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

2³¹ − 1ನ್ನು ಸರಿಯಾಗಿ ಭಾಗಿಸುವ ಒಂದು ಅವಿಭಾಜ್ಯ ಸಂಖ್ಯೆ ಇದೆ ಎಂದುಕೊಳ್ಳೋಣ, ಅದನ್ನು ಭ ಎನ್ನೋಣ. 1, 2, 4, 8, 16 ಎಂದು ದುಪ್ಪಟ್ಟು ಮಾಡುತ್ತ ಹೋಗಿ, ಪ್ರತಿಯೊಂದನ್ನೂ ಭದಿಂದ ಭಾಗಿಸಿ ಶೇಷವನ್ನು ಮಾತ್ರ ಬರೆದಿಟ್ಟುಕೊಳ್ಳಿ. ಈ ಶೇಷಗಳು ಆಲೆಮನೆಯ ಕೋಣ ಗಾಣ ಸುತ್ತಿದಂತೆ ಸುತ್ತುತ್ತವೆ, ಹೊರಟ ಜಾಗವಾದ 1ಕ್ಕೇ ಮರಳಿ ಬರುತ್ತವೆ. ಭ ನಮ್ಮ ಸಂಖ್ಯೆಯನ್ನು ಭಾಗಿಸುವುದರಿಂದ 31 ಹೆಜ್ಜೆಗಳಾದಾಗ ಶೇಷ 1 ಇರಲೇಬೇಕು. 31ಕ್ಕೆ 1 ಮತ್ತು 31 ಬಿಟ್ಟು ಬೇರೆ ಅಪವರ್ತನಗಳಿಲ್ಲ. ಒಂದೇ ಹೆಜ್ಜೆಗೆ ಸುತ್ತು ಮುಗಿಯುವುದು ಸಾಧ್ಯವಿಲ್ಲ, ಹಾಗಾಗಿ ಒಂದು ಪೂರ್ತಿ ಸುತ್ತಿಗೆ ಸರಿಯಾಗಿ 31 ಹೆಜ್ಜೆ. ಇತ್ತ ಫರ್ಮಾನ ಕಿರು ಪ್ರಮೇಯವು ಭ − 1 ಹೆಜ್ಜೆಗಳಾದಾಗಲೂ ಶೇಷ 1 ಎಂದೇ ಹೇಳುತ್ತದೆ. ಕೋಣ ಹೊರಟ ಜಾಗದಲ್ಲೇ ನಿಂತಿದೆ ಎಂದರೆ ಅದು ಪೂರ್ಣ ಸುತ್ತುಗಳನ್ನೇ ಹಾಕಿದೆ ಎಂದರ್ಥ. ಆದ್ದರಿಂದ ಭ − 1 ಎಂಬುದು 31ರ ಗುಣಕ. ಭ ಬೆಸ ಸಂಖ್ಯೆಯಾದ್ದರಿಂದ ಭ − 1 ಸಮ ಸಂಖ್ಯೆ, ಅಂದರೆ 62ರ ಗುಣಕ.

ಅಲ್ಲಿಗೆ ನೀವು ಮೂರು ದಿನ ಭಾಗಿಸಿದ 3, 5, 7ರಿಂದ 97ರವರೆಗಿನ ಅಷ್ಟೂ ಅವಿಭಾಜ್ಯಗಳು ಒಂದೇ ಏಟಿಗೆ ಹೊರಗೆ ಹೋದವು, ಏಕೆಂದರೆ ಅವುಗಳಲ್ಲಿ ಒಂದೂ 62ರಿಂದ ಭಾಗಿಸಿದಾಗ ಶೇಷ 1 ಕೊಡುವುದಿಲ್ಲ.

ಮಂಡಗದ್ದೆ_ಹಕ್ಕಿ · 8.41

ಮೂರು ದಿನದ ಕೆಲಸ ವ್ಯರ್ಥವೆಂದು ಮಗಳಿಗೆ ಹೇಗೆ ಹೇಳಲಿ, ಮೇಷ್ಟ್ರೇ!

ಗೊರಬಲು · 8.43

ಭಾಗಾಕಾರದ ಅಭ್ಯಾಸವಾಯಿತು ಎಂದು ಹೇಳಿ. ನಮ್ಮ ಕಾಲದಲ್ಲಿ ಅದನ್ನು ಶಿಕ್ಷೆಯಾಗಿ ಕೊಡುತ್ತಿದ್ದರು.

ಶಂಕರಘಟ್ಟ_ಎಂಎಸ್ಸಿ · 9.02

ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಜರಡಿ ಸೇರಿಸುತ್ತೇನೆ. 2³¹ನ್ನು ಭದಿಂದ ಭಾಗಿಸಿದರೆ ಶೇಷ 1 ಆದ್ದರಿಂದ 2³²ಕ್ಕೆ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ಭದಿಂದ ಭಾಗಿಸಿದಾಗ ಶೇಷ 2 ಕೊಡುವ ಒಂದು ವರ್ಗಸಂಖ್ಯೆ ಇದೆ. ಈ ಭಾಗ್ಯ ಎಲ್ಲ ಅವಿಭಾಜ್ಯಗಳಿಗೂ ಇಲ್ಲ. 5ರಿಂದ ಭಾಗಿಸಿದರೆ ವರ್ಗಗಳು 0, 1, 4 ಇಷ್ಟನ್ನೇ ಶೇಷವಾಗಿ ಕೊಡುತ್ತವೆ, 2 ಎಂದೂ ಬರುವುದಿಲ್ಲ. 7ಕ್ಕೆ ಬರುತ್ತದೆ, 3ರ ವರ್ಗ 9. 17ಕ್ಕೂ ಬರುತ್ತದೆ, 6ರ ವರ್ಗ 36. ನಿಯಮ ಇಷ್ಟೇ: 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಕೊಡುವ ಬೆಸ ಅವಿಭಾಜ್ಯಗಳಿಗೆ ಮಾತ್ರ ಇದು ಸಾಧ್ಯ.

ಎರಡು ಜರಡಿಗಳನ್ನೂ ಒಟ್ಟಿಗೆ ಹಿಡಿದರೆ ಭ ಎಂಬುದು 248ನ + 1 ಅಥವಾ 248ನ + 63 ಎಂಬ ರೂಪದಲ್ಲಿರಬೇಕು. ಇಲ್ಲಿ ನ ಎಂದರೆ ಯಾವುದೇ ಪೂರ್ಣ ಸಂಖ್ಯೆ. 46340ರೊಳಗೆ ಎರಡೂ ಸಾಲುಗಳಲ್ಲಿ ನ 1ರಿಂದ 186ರವರೆಗೆ ಹೋಗುತ್ತದೆ, ಒಟ್ಟು 372 ಸಂಖ್ಯೆಗಳು. ನ ಸೊನ್ನೆಯಾದಾಗ ಬರುವ 63 ಅವಿಭಾಜ್ಯವಲ್ಲ, ಅದನ್ನು ಬಿಡಬಹುದು.

ಕೋಡ್_ವಿನೋಬನಗರ · 9.10

372ರಲ್ಲೂ ಅವಿಭಾಜ್ಯವಾದವುಗಳಿಂದ ಮಾತ್ರ ಭಾಗಿಸಿದರೆ ಸಾಕಲ್ಲವೇ? 248ರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಶೇಷಗಳು 120. ಅವಿಭಾಜ್ಯಗಳು ಈ 120 ಸಾಲುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ, ನಮಗೆ ಬೇಕಾದ ಸಾಲುಗಳು ಎರಡು. 4792ರ ಅರವತ್ತನೆಯ ಒಂದು ಭಾಗ ಎಂದರೆ ಸುಮಾರು 80. ಮಳೆಗಾಲ ಸಾಲುವುದಿಲ್ಲ ಎಂದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಆಗುಂಬೆ_ಮಳೆಲೆಕ್ಕ · 9.26

ನನಗೊಂದು ಸಂಶಯವಿದೆ. ನೀವೆಲ್ಲ 'ಇದರಿಂದ ಭಾಗಿಸಬೇಕಾಗಿಲ್ಲ, ಅದರಿಂದ ಭಾಗಿಸಬೇಕಾಗಿಲ್ಲ' ಎಂದು ಒಂದೊಂದನ್ನೇ ಬಿಡುತ್ತ ಬಂದಿರಿ. ಬಿಟ್ಟವುಗಳಲ್ಲಿ ಒಂದು ನಿಜವಾದ ಭಾಜಕ ತಪ್ಪಿಸಿಕೊಂಡಿಲ್ಲ ಎಂಬುದಕ್ಕೆ ಖಾತರಿ ಏನು? ನಿಮ್ಮ ನಿಯಮ ಕೆಲಸ ಮಾಡಿದ್ದನ್ನು ಕಣ್ಣಾರೆ ನೋಡದೆ ನಾನು ಒಪ್ಪುವವನಲ್ಲ.

ನಿವೃತ್ತ_ಮೇಷ್ಟ್ರು_ಸಾಗರ · 9.58

ಒಪ್ಪಬೇಡಿ, ನೋಡಿಯೇ ಒಪ್ಪಿ. ಘಾತಾಂಕ 11 ಆದಾಗ ಭಾಜಕಗಳು 22ರಿಂದ ಭಾಗಿಸಿದರೆ ಶೇಷ 1 ಕೊಡಬೇಕು. 2047ರ ಭಾಜಕಗಳು 23 ಮತ್ತು 89, ಎರಡೂ ಹಾಗೆಯೇ ಇವೆ. 2²⁹ − 1 = 233 × 1103 × 2089. ಮೂರರಿಂದಲೂ ಒಂದೊಂದು ಕಳೆದು 58ರಿಂದ ಭಾಗಿಸಿ ನೋಡಿ, ಸರಿಯಾಗಿ ಹೋಗುತ್ತದೆ.

ಇದರ ಹಿಂದೆ ಒಂದು ಸ್ವಾರಸ್ಯವಿದೆ. 1588ರಲ್ಲಿ ಇಟಲಿಯ ಕತಾಲ್ದಿ ಎಂಬವನು 2¹⁷ − 1 ಮತ್ತು 2¹⁹ − 1 ಅವಿಭಾಜ್ಯಗಳೆಂದು ನಿಜವಾಗಿಯೂ ಭಾಗಿಸಿ ತೋರಿಸಿದ. ಎರಡನೆಯದು 524287, ಅದರ ವರ್ಗಮೂಲ 724ರ ಆಸುಪಾಸು, ಅಲ್ಲಿಯವರೆಗೆ ಪಟ್ಟಿ ಇದ್ದರೆ ಸಾಕಾಗಿತ್ತು. ಅಲ್ಲಿಗೆ ನಿಲ್ಲದೆ ಘಾತಾಂಕ 23, 29, 31, 37 ಆದಾಗಲೂ ಅವಿಭಾಜ್ಯವೇ ಬರುತ್ತದೆ ಎಂದುಬಿಟ್ಟ. ನಾಲ್ಕರಲ್ಲಿ 31 ಒಂದು ಮಾತ್ರ ನಿಂತಿತು. 23 ಮತ್ತು 37ನ್ನು ಫರ್ಮಾ 1640ರಲ್ಲಿ ಮುರಿದ, 29ನ್ನು ಆಯ್ಲರ್ 1738ರಲ್ಲಿ ಮುರಿದ.

ಈಗ ನಮ್ಮ ಎರಡು ಜರಡಿಗಳನ್ನು ಹಿಡಿದು ಕತಾಲ್ದಿಯ ತಪ್ಪುಗಳ ಮೇಲೆ ಓಡಿಸಿ. ಘಾತಾಂಕ 23ಕ್ಕೆ ಜರಡಿಯಲ್ಲಿ ಉಳಿಯುವ ಮೊದಲ ಅವಿಭಾಜ್ಯ 47, ಅದೇ ಭಾಜಕ. 29ಕ್ಕೆ 59 ಮತ್ತು 117 ಎರಡೂ ಎಂಟರ ಜರಡಿಯಲ್ಲಿ ನಿಲ್ಲುವುದಿಲ್ಲ, 175 ಅವಿಭಾಜ್ಯವಲ್ಲ, ಮುಂದಿನದು 233, ಅದೇ ಭಾಜಕ. 37ಕ್ಕೆ 75 ಅವಿಭಾಜ್ಯವಲ್ಲ, 149 ಎಂಟರ ಜರಡಿಯಲ್ಲಿ ಬಿತ್ತು, ಮುಂದಿನದು 223, ಅದೇ ಭಾಜಕ. ಮೂರೂ ಮೊದಲ ಏಟಿಗೇ ಉರುಳುತ್ತವೆ. ಬರೀ ಮೂರು ಭಾಗಾಕಾರಗಳಿಂದ ಕತಾಲ್ದಿಯ ಮರ್ಯಾದೆ ಉಳಿಯುತ್ತಿತ್ತು.

ಹೊಸನಗರ_ಅಂಚೆ · 10.07

ಹಾಗಾದರೆ ಮೊದಲ ಏಟಿಗೆ ಬೀಳದಿದ್ದರೆ ಅವಿಭಾಜ್ಯ ಎಂದು ಧೈರ್ಯವಾಗಿ ಹೇಳಬಹುದಲ್ಲವೇ?

ಶಂಕರಘಟ್ಟ_ಎಂಎಸ್ಸಿ · 10.12

ನಿಮ್ಮ ಧೈರ್ಯಕ್ಕೆ 2⁶⁷ − 1 ಕಾಯುತ್ತಿದೆ. 1644ರಲ್ಲಿ ಮರ್ಸೆನ್ ತನ್ನ ಪಟ್ಟಿಯಲ್ಲಿ ಅದನ್ನು ಅವಿಭಾಜ್ಯವೆಂದು ಸೇರಿಸಿದ್ದ. ಅದು 193707721 × 761838257287 ಎಂದು ಅಮೆರಿಕದ ಕೋಲ್ 1903ರಲ್ಲಿ ತೋರಿಸಿದ. ಚಿಕ್ಕ ಭಾಜಕವನ್ನು 134ಕ + 1 ಎಂದು ಬರೆದರೆ ಕ ಎಂಬುದರ ಬೆಲೆ 14,45,580. ಮೊದಲ ಏಟಿನಿಂದ ಅಷ್ಟು ದೂರ. ಅದೇ ಪಟ್ಟಿಯಲ್ಲಿ ಘಾತಾಂಕ 257 ಕೂಡ ತಪ್ಪು. ಇರಬೇಕಾಗಿದ್ದ ಘಾತಾಂಕಗಳಾದ 61, 89, 107 ಬಿಟ್ಟುಹೋಗಿದ್ದವು.

ಹೊಸನಗರ_ಅಂಚೆ · 10.13

ಇವತ್ತು ನನ್ನ ದಿನವಲ್ಲ. ಶುಭರಾತ್ರಿ.

ಮಂಡಗದ್ದೆ_ಹಕ್ಕಿ · ಭಾನುವಾರ, ಬೆಳಿಗ್ಗೆ 7.20

ಮಗಳು ರಾತ್ರಿಯೇ 5000ದವರೆಗಿನ ಎರಡೂ ಸಾಲುಗಳನ್ನು ಬರೆದು, ಅವಿಭಾಜ್ಯವಲ್ಲದವುಗಳನ್ನು ಹೊಡೆದುಹಾಕಿದ್ದಾಳೆ. ಅವಳ ಪ್ರಕಾರ ಉಳಿದವು ಏಳೇ: 311, 1303, 1489, 2543, 2729, 2791, 4217. ಹೊಡೆದುಹಾಕಿದ ಪಟ್ಟಿಯಲ್ಲಿ 2047 ಕೂಡ ಇದ್ದುದನ್ನು ಕಂಡು ಕುಣಿದಾಡಿದಳು. 63ರ ವರ್ಗವಾದ 3969, 61ರ ವರ್ಗವಾದ 3721 ಕೂಡ ಅಲ್ಲಿವೆ. 311ರಿಂದ ಭಾಗಿಸಿದಾಗ ಭಾಗಲಬ್ಧ 6905092, ಶೇಷ 35 ಬಂದಿದೆ. ಆದರೆ ನಾಲ್ಕಂಕಿಯ ಸಂಖ್ಯೆಗಳಿಂದ ಭಾಗಿಸುವಾಗ ಅವಳಿಗೂ ನನಗೂ ಬೇರೆ ಬೇರೆ ಉತ್ತರಗಳು ಬರುತ್ತಿವೆ. ಸುಲಭ ದಾರಿ ಇದೆಯೇ?

ನಿವೃತ್ತ_ಮೇಷ್ಟ್ರು_ಸಾಗರ · 8.05

ಇದೆ. ಹತ್ತಂಕಿಯ ಸಂಖ್ಯೆಯನ್ನು ಭಾಗಿಸುವ ಗೋಜಿಗೇ ಹೋಗಬೇಡಿ. 2¹⁰ = 1024 ಎಂಬುದು ಗೊತ್ತಿದೆ, ಶೇಷವನ್ನು ಮಾತ್ರ ಇಟ್ಟುಕೊಂಡು ಮೇಲೇರಿ. 311ನ್ನೇ ತೆಗೆದುಕೊಳ್ಳಿ. 1024ರಿಂದ 933 ಕಳೆದರೆ 91, ಇದು 2¹⁰ರ ಶೇಷ. 91ರ ವರ್ಗ 8281, ಅದರಲ್ಲಿ 311ರ 26 ಪಟ್ಟು ಅಂದರೆ 8086 ಕಳೆದರೆ 195, ಇದು 2²⁰ರ ಶೇಷ. 195 × 91 = 17745, ಅದರಲ್ಲಿ 17727 ಕಳೆದರೆ 18, ಇದು 2³⁰ರ ಶೇಷ. ದುಪ್ಪಟ್ಟು ಮಾಡಿದರೆ 36, ಒಂದು ಕಳೆದರೆ 35. ನಿಮ್ಮ ಮಗಳ ಉತ್ತರವೇ ಬಂದಿತು. ಎಲ್ಲಿಯೂ ಐದಂಕಿ ದಾಟಲಿಲ್ಲ. ನಾಲ್ಕಂಕಿಯ ಭಾಜಕಗಳಿಗೆ ಏಳಂಕಿಯವರೆಗೆ ಹೋಗಬಹುದು, ಅದಕ್ಕಿಂತ ಹೆಚ್ಚಿಲ್ಲ.

ಉಳಿದ ಆರನ್ನು ಇಲ್ಲಿರುವವರೇ ಹಂಚಿಕೊಂಡರೆ ಹೇಗೆ? ಕ್ಯಾಲ್ಕುಲೇಟರ್ ಬಳಸಬಾರದು ಎಂಬುದೊಂದೇ ನಿಬಂಧನೆ. ನಾನು 1303 ಮತ್ತು 1489 ತೆಗೆದುಕೊಂಡಿದ್ದೇನೆ.

ಗೊರಬಲು · 8.11

2791 ನನಗಿರಲಿ. ಬೋರ್ಡೋ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ, ಕೊಳೆರೋಗದ ಚಿಂತೆಯಲ್ಲಿ ಕುಳಿತಿರುವುದಕ್ಕಿಂತ ಇದು ಮೇಲು.

ಕೋಡ್_ವಿನೋಬನಗರ · 8.15

2543, 2729 ನನಗೆ. ಕೈಲೆಕ್ಕ ಮಾಡಿ ಎಷ್ಟು ವರ್ಷಗಳಾದವೋ ನೆನಪಿಲ್ಲ, ತಪ್ಪಿದರೆ ನಗಬೇಡಿ.

ಆಗುಂಬೆ_ಮಳೆಲೆಕ್ಕ · 9.40

4217 ಮಾಡಿದೆ, ಶೇಷ 1699. ನಂಬಿಕೆ ಬಂದಿದೆ ಎಂದಲ್ಲ, ಸುಮ್ಮನೆ ಕುಳಿತಿದ್ದೆ.

ನಿವೃತ್ತ_ಮೇಷ್ಟ್ರು_ಸಾಗರ · 9.52

1303ಕ್ಕೆ ಶೇಷ 226, 1489ಕ್ಕೆ 199.

ಕೋಡ್_ವಿನೋಬನಗರ · 10.20

2543ಕ್ಕೆ 1523, 2729ಕ್ಕೆ 799. ಮೊದಲನೆಯದನ್ನು ಎರಡು ಸಲ ಮಾಡಬೇಕಾಯಿತು.

ಗೊರಬಲು · 10.34

2791ಕ್ಕೆ ಶೇಷ 1727.

ಶಂಕರಘಟ್ಟ_ಎಂಎಸ್ಸಿ · 10.41

1727 ಅಲ್ಲ, 1726. ನೀವು ಕೊಟ್ಟಿರುವುದು 2³¹ರ ಶೇಷ, ಕೊನೆಯಲ್ಲಿ ಒಂದು ಕಳೆಯುವುದನ್ನು ಮರೆತಿದ್ದೀರಿ.

ಗೊರಬಲು · 10.44

1726 ಆದರೇನು, 1727 ಆದರೇನು? ಎರಡೂ ಸೊನ್ನೆಯಲ್ಲ. ಮಂಡಿಯಲ್ಲಿ ಒಂದು ಅಡಿಕೆ ಹೆಚ್ಚುಕಡಿಮೆಯಾದರೆ ಯಾರೂ ತಕ್ಕಡಿಯನ್ನು ಮತ್ತೆ ಎತ್ತುವುದಿಲ್ಲ.

ಶಂಕರಘಟ್ಟ_ಎಂಎಸ್ಸಿ · 10.50

ಇಲ್ಲಿ ಎತ್ತಬೇಕು. ಆ ಒಂದನ್ನು ಕಳೆಯುವುದನ್ನು ಮರೆಯುವವರ ಕೈಗೆ ನಿಜವಾದ ಭಾಜಕವೇ ಸಿಕ್ಕರೂ ಶೇಷ 1 ಎಂದು ಬರೆದು, ಸೊನ್ನೆಯಲ್ಲವಲ್ಲ ಎಂದು ಮುಂದೆ ಹೋಗುತ್ತಾರೆ. ನಾವು ಹುಡುಕುತ್ತಿರುವ ಒಂದೇ ಒಂದು ಸಂಗತಿಯನ್ನು ಮರೆಮಾಡುವ ತಪ್ಪು ಅದು.

ಗೊರಬಲು · 10.58

ಇದು ಒಪ್ಪತಕ್ಕ ಮಾತು. 1726.

ಆಗುಂಬೆ_ಮಳೆಲೆಕ್ಕ · 11.15

ನನ್ನ ಆಕ್ಷೇಪ ಇಲ್ಲಿಯೇ ಇದೆ. ಎಂಬತ್ತು ಭಾಗಾಕಾರಗಳಲ್ಲಿ ಎಪ್ಪತ್ತೊಂಬತ್ತು ಸರಿಯಾಗಿದ್ದು ಒಂದು ತಪ್ಪಾಗಿದ್ದರೂ ಆ ತಪ್ಪು ತಾನಾಗಿ ಬಾಯಿ ಬಿಡುವುದಿಲ್ಲ. ಎಲ್ಲ ಶೇಷಗಳೂ ಸೊನ್ನೆಯಲ್ಲ ಎಂಬ ಫಲಿತಾಂಶ, ಭಾಜಕವಿಲ್ಲ ಎಂಬುದರಿಂದಲೂ ಬರಬಹುದು, ನಮ್ಮ ಅಜಾಗರೂಕತೆಯಿಂದಲೂ ಬರಬಹುದು. ಕಣ್ಣು ಕಾಣದ ಆಯ್ಲರ್ ತಪ್ಪಲಿಲ್ಲ ಎಂಬುದನ್ನು ಜನ ಯಾವ ಆಧಾರದ ಮೇಲೆ ನಂಬಿದರು?

ಶಂಕರಘಟ್ಟ_ಎಂಎಸ್ಸಿ · ಮಧ್ಯಾಹ್ನ 12.10

ಈ ಆಕ್ಷೇಪಕ್ಕೆ ತಕ್ಕ ಉತ್ತರ ಆಯ್ಲರನ ನಂತರ ಬಂದಿತು. ಫ್ರಾನ್ಸಿನ ಲ್ಯೂಕಾ ಭಾಜಕಗಳನ್ನು ಹುಡುಕದೆಯೇ ಪರೀಕ್ಷಿಸುವ ವಿಧಾನವನ್ನು ಕಂಡುಹಿಡಿದ, ಲೆಹ್ಮರ್ ಅದನ್ನು ತಿದ್ದಿ ಸರಳಗೊಳಿಸಿದ. 4ರಿಂದ ಹೊರಡಿ, ವರ್ಗ ಮಾಡಿ, 2 ಕಳೆಯಿರಿ, ನಿಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 127ಕ್ಕೆ ಮಾಡಿ ನೋಡಿ: 4, 14, 67, 42, 111, 0. ಘಾತಾಂಕ 7, ಐದು ಹೆಜ್ಜೆಗಳಲ್ಲಿ ಸೊನ್ನೆ.

ನಮ್ಮ ಸಂಖ್ಯೆಗೆ 29 ಹೆಜ್ಜೆಗಳು. 4, 14, 194, 37634, 1416317954, ಇಲ್ಲಿಯವರೆಗೆ ಭಾಗಿಸುವ ಕೆಲಸವೇ ಇಲ್ಲ. ಆಮೇಲೆ ಪ್ರತಿ ಹೆಜ್ಜೆಯೂ ಹತ್ತಂಕಿಯ ವರ್ಗ, ಅದು ಕಷ್ಟ. ಆದರೆ 29ನೆಯ ಹೆಜ್ಜೆಯಲ್ಲಿ ಸೊನ್ನೆ ಬಿದ್ದಾಗ ಆ ಸೊನ್ನೆಯೇ ಸಾಕ್ಷಿ ಹೇಳುತ್ತದೆ, ಏಕೆಂದರೆ ನಡುವೆ ಎಲ್ಲಿಯಾದರೂ ತಪ್ಪಿದ್ದರೆ ಇನ್ನೂರು ಕೋಟಿಗೂ ಹೆಚ್ಚು ಶೇಷಗಳ ನಡುವೆ ಸರಿಯಾಗಿ ಸೊನ್ನೆಯ ಮೇಲೇ ಬಂದು ನಿಲ್ಲುವುದು ನಂಬಲಾಗದ ಅದೃಷ್ಟ. ಭಾಗಾಕಾರದ ದಾರಿಯಲ್ಲಿ ಮೌನ ಸಾಕ್ಷಿ, ಇಲ್ಲಿ ಮಾತಾಡುವ ಸಾಕ್ಷಿ.

ಆಗುಂಬೆ_ಮಳೆಲೆಕ್ಕ · 12.22

ಇದು ಸರಿಹೋಯಿತು. ನನ್ನ ಸಂಶಯ ತೀರಿದ್ದು ಇಲ್ಲಿ.

ನಿವೃತ್ತ_ಮೇಷ್ಟ್ರು_ಸಾಗರ · 12.40

ತೀರಿತೆಂದು ನಾನು ಒಪ್ಪುವುದಿಲ್ಲ. ಈ ಪರೀಕ್ಷೆ ಏಕೆ ಸರಿ ಎಂಬುದರ ಸಾಧನೆಯನ್ನು ಒಂಬತ್ತನೆಯ ತರಗತಿಯ ಹುಡುಗಿಗೆ ಹೇಳಲು ಬರುವುದಿಲ್ಲ. ಆಯ್ಲರನ ದಾರಿಯನ್ನು ಕೋಣ ಮತ್ತು ಗಾಣ ಇಟ್ಟುಕೊಂಡು ಹೇಳಿದೆವು. ತನಗೆ ಪೂರ್ತಿ ಅರ್ಥವಾದ ಎಂಬತ್ತು ಭಾಗಾಕಾರಗಳು, ಅರ್ಥವಾಗದ ಇಪ್ಪತ್ತೊಂಬತ್ತು ವರ್ಗಗಳಿಗಿಂತ ಕಡಿಮೆ ಎಂದು ನಾನು ಹೇಳಲಾರೆ. ಪ್ರತಿ ಭಾಜಕವನ್ನೂ ಇಬ್ಬರು ಬೇರೆ ಬೇರೆಯಾಗಿ ಮಾಡಿದರೆ ನಿಮ್ಮ ಮೌನ ಸಾಕ್ಷಿಯೂ ಬಾಯಿ ಬಿಡುತ್ತದೆ. ಈಗ 1727 ಸಿಕ್ಕಿಬಿದ್ದದ್ದು ಹಾಗೆಯೇ.

ಹೊಸನಗರ_ಅಂಚೆ · 1.05

ಬ್ಯಾಂಕುಗಳ ಗುಪ್ತಲಿಪಿಯಲ್ಲಿ ಬಳಸುವುದು ಇದೇ ಸಂಖ್ಯೆಯನ್ನು ಎಂದು ಎಲ್ಲಿಯೋ ಓದಿದ ನೆನಪು. ಇದಾದರೂ ಸರಿಯೇ?

ಕೋಡ್_ವಿನೋಬನಗರ · 1.30

ಇದೂ ಅಲ್ಲ, ಬೇಸರಿಸಬೇಡಿ. ಗುಪ್ತಲಿಪಿಯ ಅವಿಭಾಜ್ಯಗಳು ನೂರಾರು ಅಂಕಿಗಳವು, ಯಾರಿಗೂ ತಿಳಿಯದಂತೆ ಆಗಿಂದಾಗ್ಗೆ ಆರಿಸಿದವು. ಎಲ್ಲರಿಗೂ ಗೊತ್ತಿರುವ ಹತ್ತಂಕಿಯ ಸಂಖ್ಯೆಯಿಂದ ಗುಟ್ಟು ಉಳಿಯುವುದಿಲ್ಲ.

ಆದರೆ ಇದನ್ನು ಬಳಸುವ ಜಾಗವೊಂದಿದೆ. ಯಾದೃಚ್ಛಿಕ ಸಂಖ್ಯೆಗಳಂತೆ ಕಾಣುವ ಸರಣಿ ಬೇಕಾದಾಗ ಒಂದು ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳುವುದು, ಮತ್ತೆ ಅದನ್ನೇ ಮಾಡುವುದು. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಇದನ್ನು ಕನಿಷ್ಠ ಮಾನದಂಡವೆಂದು ಸೂಚಿಸಿದ್ದರು. ಮೇಷ್ಟ್ರ ಕೋಣ ಇಲ್ಲಿಯೂ ಬರುತ್ತದೆ. 2ರಿಂದ ಗುಣಿಸುತ್ತ ಹೋದರೆ ಈ ಗಾಣದಲ್ಲಿ 31 ಹೆಜ್ಜೆಗೇ ಮರಳಿ ಬರುತ್ತೇವೆ. 7ರಿಂದ ಗುಣಿಸುತ್ತ ಹೋದರೆ 2147483646 ಶೇಷಗಳಲ್ಲಿ ಒಂದನ್ನೂ ಬಿಡದೆ ಎಲ್ಲವನ್ನೂ ಮುಟ್ಟಿ ಬರುತ್ತೇವೆ. 16807 ಎಂದರೆ 7⁵, ಅದಕ್ಕೂ ಈ ಗುಣವಿದೆ. ಆಟಗಳಲ್ಲಿ ದಾಳ ಉರುಳಿಸಲು ಇಂಥದ್ದು ಸಾಕಾಗುತ್ತದೆ, ಗುಟ್ಟು ಕಾಯಲು ಸಾಲದು.

ಶಂಕರಘಟ್ಟ_ಎಂಎಸ್ಸಿ · 1.48

ಆ 2147483646ನ್ನು ಅಪವರ್ತಿಸಿ ನೋಡಿ: 2 × 3² × 7 × 11 × 31 × 151 × 331. ಅದರಲ್ಲಿ 31 ಇರುವುದು ಆಕಸ್ಮಿಕವಲ್ಲ. ಮೇಷ್ಟ್ರು ಭಾಜಕದ ಬಗ್ಗೆ ಹೇಳಿದ 62ರ ನಿಯಮವನ್ನು ಈ ಸಂಖ್ಯೆ ತನಗೆ ತಾನೇ ಪಾಲಿಸುತ್ತಿದೆ, ತನ್ನನ್ನು ಭಾಗಿಸುವ ಏಕೈಕ ಅವಿಭಾಜ್ಯ ತಾನೇ ಅಲ್ಲವೇ!

ಹೊಸನಗರ_ಅಂಚೆ · 2.15

ಕೊನೆಯ ಪ್ರಶ್ನೆ. 31 = 2⁵ − 1 ಅವಿಭಾಜ್ಯ, 31ನ್ನು ಘಾತಾಂಕ ಮಾಡಿದರೂ ಅವಿಭಾಜ್ಯ. ಈಗ 2147483647ನ್ನೇ ಘಾತಾಂಕ ಮಾಡಿದರೆ? ನಾನು ಏನನ್ನೂ ಸಾಧಿಸುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೇ.

ನಿವೃತ್ತ_ಮೇಷ್ಟ್ರು_ಸಾಗರ · 2.50

ಈ ಸಲ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದೀರಿ. ಆ ಸಂಖ್ಯೆಯನ್ನು ಬರೆಯಲು 64 ಕೋಟಿಗೂ ಹೆಚ್ಚು ಅಂಕಿಗಳು ಬೇಕು. 2024ರ ಅಕ್ಟೋಬರಿನಲ್ಲಿ ಪ್ರಕಟವಾದ ದಾಖಲೆಯ ಅವಿಭಾಜ್ಯ 2¹³⁶²⁷⁹⁸⁴¹ − 1, ಅದಕ್ಕೂ ಇರುವುದು 4,10,24,320 ಅಂಕಿಗಳು. ಇಷ್ಟಾದರೂ ನಿಮ್ಮ ದೈತ್ಯ ಅವಿಭಾಜ್ಯವಲ್ಲ ಎಂದು ಖಚಿತವಾಗಿ ಗೊತ್ತಿದೆ, ಏಕೆಂದರೆ ಅದು 295257526626031ರಿಂದ ಭಾಗವಾಗುತ್ತದೆ. ಅದರಿಂದ ಒಂದು ಕಳೆದು 2147483647ರಿಂದ ಭಾಗಿಸಿದರೆ ಸರಿಯಾಗಿ 137490 ಬರುತ್ತದೆ. ಅದೇ ಕೋಣ, ಅದೇ ಗಾಣ, ಸುತ್ತು ಮಾತ್ರ ದೊಡ್ಡದು.

ಇನ್ನೊಂದು ನೆನಪಾಯಿತು. 2147483647ನ್ನು 2³⁰ರಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ದೊರೆಯುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವಂಥದ್ದು, 6 ಮತ್ತು 28ರ ಹಾಗೆ. ಇಂಗ್ಲೆಂಡಿನ ಬಾರ್ಲೋ ಎಂಬವನು 1811ರಲ್ಲಿ ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆಯನ್ನು ಮುಂದೆಂದೂ ಯಾರೂ ಕಂಡುಹಿಡಿಯಲಾರರು, ಉಪಯೋಗವಿಲ್ಲದ ಕುತೂಹಲಕ್ಕೆ ಅಷ್ಟು ಶ್ರಮಪಡುವವರು ಯಾರು ಎಂದು ಬರೆದ. 65 ವರ್ಷಗಳಲ್ಲಿ ಲ್ಯೂಕಾ 39 ಅಂಕಿಗಳ 2¹²⁷ − 1 ಅವಿಭಾಜ್ಯವೆಂದು ಕೈಲೆಕ್ಕದಿಂದಲೇ ತೋರಿಸಿ ಆ ಮಾತನ್ನು ಸುಳ್ಳು ಮಾಡಿದ.

ಗೊರಬಲು · 3.02

ಉಪಯೋಗವಿಲ್ಲದ ಕುತೂಹಲಕ್ಕೆ ಶ್ರಮಪಡುವವರು ಬೇಕಿದ್ದರೆ ಬಾರ್ಲೋ ಮಲೆನಾಡಿಗೆ ಮಳೆಗಾಲದಲ್ಲಿ ಬರಬೇಕಾಗಿತ್ತು.

ಮಂಡಗದ್ದೆ_ಹಕ್ಕಿ · ಸಂಜೆ 5.30

ಮಗಳು ಮುಂದಿನ ಅವಿಭಾಜ್ಯ 5023 ಎನ್ನುತ್ತಾಳೆ. ಅದಕ್ಕೆ ಶೇಷ 457 ಬಂದಿದೆಯಂತೆ, ಒಂದು ಕಳೆದಿದ್ದೇನೆ ಎಂದು ಪ್ರತ್ಯೇಕವಾಗಿ ಬರೆಯಲು ಹೇಳಿದ್ದಾಳೆ. ಯಾರಾದರೂ ತಾಳೆ ನೋಡುವಿರಾ?

ಆಗುಂಬೆ_ಮಳೆಲೆಕ್ಕ · 5.58

457 ಸರಿ ಇದೆ. 5209 ನಾನು ಮಾಡುತ್ತಿದ್ದೇನೆ. ಅದನ್ನು ಇನ್ನೊಬ್ಬರು ಬೇರೆಯಾಗಿ ಮಾಡಿ, ನನ್ನ ಉತ್ತರ ನೋಡುವ ಮೊದಲೇ ಹಾಕಿ.